ಕರಣೆಯ ತೂಕ, ದಾರದ ಎಳೆ



ರಾಮೋತ್ಸವದ ಚಪ್ಪರಕ್ಕೆ ನಾನು ಕಛೇರಿ ಶುರುವಾಗುವ ಅರ್ಧ ಗಂಟೆ ಮೊದಲೇ ಹೋಗಿ ಮುಂದಿನ ಸಾಲು ಹಿಡಿಯುತ್ತೇನೆ. ಹಾಡಿಗೆ ಮುಂಚೆ ನಡೆಯುವ ಕೆಲಸ ನನಗೆ ಹಾಡಿನಷ್ಟೇ ಇಷ್ಟ. ತಂಬೂರಿಯವರು ಒಂದು ಕೈಯಲ್ಲಿ ತಂತಿ ಮೀಟುತ್ತಾ ಇನ್ನೊಂದು ಕೈಯಲ್ಲಿ ಬಿರಡೆ ತಿರುವುತ್ತಿರುತ್ತಾರೆ. ಪಕ್ಕದಲ್ಲಿ ಮೃದಂಗದವರು ವಾದ್ಯದ ಬಲಗಡೆಯನ್ನು ಮೇಲಕ್ಕೆ ಮಾಡಿ, ಒಂದು ಕಲ್ಲಿನಿಂದ ಮುಚ್ಚಿಗೆಯ ಹೆಣಿಗೆಯ ಮೇಲೆ ಟಕ್ ಎಂದು ಹೊಡೆಯುತ್ತಾರೆ, ತೋರುಬೆರಳಿಂದ ಅಲ್ಲೇ ಅಂಚನ್ನು ತಟ್ಟಿ ಕೇಳುತ್ತಾರೆ, ತಲೆ ಅಲ್ಲಾಡಿಸುತ್ತಾರೆ, ವಾದ್ಯವನ್ನು ಒಂದಿಷ್ಟು ತಿರುಗಿಸಿ ಮುಂದಿನ ಜಾಗಕ್ಕೆ ಹೋಗುತ್ತಾರೆ. ಸ್ವರ ಏರಬೇಕಾದರೆ ಹೆಣಿಗೆಗೆ ಮೇಲಿನಿಂದ ಏಟು, ಇಳಿಯಬೇಕಾದರೆ ಕೆಳಗಿನಿಂದ. ಹೀಗೆ ಸುತ್ತಲೂ ಹದಿನಾರು ಕಡೆ ಒಂದೇ ದನಿ ಬರುವವರೆಗೆ ಅವರಿಗೆ ಸಮಾಧಾನವಿಲ್ಲ. ಕೊನೆಗೆ ಅವರ ‘ನಂ’ ಹೋಗಿ ತಂಬೂರಿಯ ಷಡ್ಜದಲ್ಲಿ ಕರಗುತ್ತದೆ.

ಈ ಕರಗುವಿಕೆ ನನ್ನನ್ನು ಬಹಳ ವರ್ಷ ಕಾಡಿದೆ. ತಂತಿ ಶ್ರುತಿ ಹಿಡಿಯುತ್ತದೆ, ಕೊಳಲು ಹಿಡಿಯುತ್ತದೆ, ಅದರಲ್ಲಿ ಅಚ್ಚರಿಯಿಲ್ಲ. ಆದರೆ ಬಿಗಿದ ಚರ್ಮ, ಅದರ ಪಾಡಿಗೆ ಬಿಟ್ಟರೆ, ಸ್ವರ ಕೊಡುವುದಿಲ್ಲ, ಸದ್ದು ಕೊಡುತ್ತದೆ. ಗಣಿತ ಇದನ್ನು ಖಚಿತವಾಗಿ ಹೇಳುತ್ತದೆ. ಹಾಗಿದ್ದರೂ ನಮ್ಮ ಮೃದಂಗ ಹಾಡುತ್ತದೆ. ಗಣಿತ ತಪ್ಪಿಲ್ಲ, ಮೃದಂಗವೂ ಸುಳ್ಳು ಹೇಳುತ್ತಿಲ್ಲ. ಹಾಗಾದರೆ ನಡುವೆ ಏನಾಯಿತು? ಈ ಹೊತ್ತಿನ ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ.

ನಾನು ಓದಿದ ಕಾಲೇಜಿನಲ್ಲಿ ಶಬ್ದದ ಪಾಠ ಶ್ರುತಿಕವೆಯಲ್ಲಿ ಶುರುವಾಗಿ ಸೋನೋಮೀಟರಿನಲ್ಲಿ ಮುಗಿಯುತ್ತಿತ್ತು. ಮೂರು ವರ್ಷದಲ್ಲಿ ಒಂದು ದಿನವೂ ಪ್ರಯೋಗಶಾಲೆಯೊಳಗೆ ಒಂದು ತಂಬೂರಿ ಬರಲಿಲ್ಲ. ಮೇಷ್ಟ್ರಾದ ಮೇಲೆ ಮೊದಲ ಕೆಲವು ವರ್ಷ ನಾನೂ ಹಾಗೆಯೇ ಪಾಠ ಮಾಡಿದೆ. ಆ ಮಕ್ಕಳಿಗೆ ಕೊಡದೆ ಉಳಿಸಿಕೊಂಡದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ. ಅದಕ್ಕೇ ಈ ವೇದಿಕೆಯ ಮೇಲೆ ಒಂದು ತಂಬೂರಿಯೂ ಒಂದು ಮೃದಂಗವೂ ಇವೆ.

ಮೊದಲು ಅಲೆ ಎಂದರೇನು ಎಂಬುದನ್ನು ನೋಡೋಣ. ಒಗೆದ ಸೀರೆಯನ್ನು ಇಬ್ಬರು ಎರಡು ತುದಿ ಹಿಡಿದು ಜಾಡಿಸುವುದನ್ನು ನೀವೆಲ್ಲ ನೋಡಿದ್ದೀರಿ. ಒಬ್ಬರು ಕೈ ಕೊಡವಿದರೆ ಒಂದು ಉಬ್ಬು ಹುಟ್ಟಿ ಸೀರೆಯುದ್ದಕ್ಕೂ ಓಡಿ ಆಚೆಯವರ ಕೈಯನ್ನು ಜಗ್ಗುತ್ತದೆ. ಸೀರೆಯ ಯಾವ ಎಳೆಯೂ ಈ ತುದಿಯಿಂದ ಆ ತುದಿಗೆ ಹೋಗಲಿಲ್ಲ; ಪ್ರತಿ ಎಳೆಯೂ ತನ್ನ ಜಾಗದಲ್ಲೇ ಎದ್ದು ಕೂತಿತು, ಅಷ್ಟೆ. ಓಡಿದ್ದು ಅಲುಗಾಟ. ಅದರ ಜೊತೆಗೆ ಓಡಿದ್ದು ಜಾಡಿಸಿದವರ ತೋಳಿನ ಶಕ್ತಿ. ಸೀರೆಯನ್ನು ಇನ್ನಷ್ಟು ಬಿಗಿಯಾಗಿ ಎಳೆದು ಹಿಡಿದರೆ ಉಬ್ಬು ಇನ್ನಷ್ಟು ಬೇಗ ಓಡುತ್ತದೆ; ನೀರು ಕುಡಿದು ಭಾರವಾದ ಸೀರೆಯಲ್ಲಿ ನಿಧಾನವಾಗಿ ಓಡುತ್ತದೆ. ತಂತಿವಾದ್ಯಗಳ ವಿಜ್ಞಾನಕ್ಕೆ ಬೇಕಾದ ಎರಡು ಸಂಗತಿ ಇಲ್ಲೇ ಇವೆ: ಬಿಗಿತ ಅಲೆಯನ್ನು ಅವಸರಪಡಿಸುತ್ತದೆ, ಭಾರ ಅದನ್ನು ತಡೆಯುತ್ತದೆ.

ಗಾಳಿಯಲ್ಲಿ ಓಡುವ ಶಬ್ದದಲ್ಲಿ ಉಬ್ಬು ತಗ್ಗುಗಳಿಲ್ಲ, ಒತ್ತು ಮತ್ತು ಸಡಿಲು ಇವೆ. ಮೃದಂಗದ ಚರ್ಮ ಹೊರಕ್ಕೆ ಬಂದಾಗ ಎದುರಿನ ಗಾಳಿ ಒತ್ತುಗೊಳ್ಳುತ್ತದೆ, ಒಳಕ್ಕೆ ಸರಿದಾಗ ಸಡಿಲವಾಗುತ್ತದೆ. ಈ ಒತ್ತು ಪಕ್ಕದ ಗಾಳಿಯನ್ನು ಒತ್ತುತ್ತದೆ, ಅದು ತನ್ನ ಪಕ್ಕದ್ದನ್ನು. ಎಷ್ಟು ಚಿಕ್ಕ ಅಲುಗಾಟ ಎನ್ನುತ್ತೀರಿ? ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 1,00,000 ಪಾಸ್ಕಲ್. ಒಳ್ಳೆಯ ಕಿವಿ ಹಿಡಿಯಬಲ್ಲ ಅತಿ ಮೆಲುದನಿಯಲ್ಲಿ ಅದು ಏರಿ ಇಳಿಯುವುದು 0.00002 ಪಾಸ್ಕಲ್‌ನಷ್ಟು. ಐನೂರು ಕೋಟಿಯಲ್ಲಿ ಒಂದು ಪಾಲು. ಆಗ ಗಾಳಿಯ ಕಣಗಳು ಹಿಂದೆ ಮುಂದೆ ಸರಿಯುವ ದೂರ ಒಂದು ಪರಮಾಣುವಿನ ಅಗಲಕ್ಕಿಂತಲೂ ಕಡಿಮೆ. ಕತ್ತಲ ಕೋಣೆಯಲ್ಲಿ ಮಲಗಿದ ಮಗುವಿನ ಉಸಿರನ್ನು ತಾಯಿ ಕೇಳಿಸಿಕೊಳ್ಳುವಾಗ ಅವಳ ಕಿವಿಯ ತಮಟೆ ಇಷ್ಟು ನವುರಾದ ಚಲನೆಗೆ ಸ್ಪಂದಿಸುತ್ತಿರುತ್ತದೆ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಶಬ್ದದ ವೇಗದ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಏಕೆಂದರೆ ಅದರಲ್ಲಿ ನ್ಯೂಟನ್ ಎಡವಿದ್ದಾರೆ. 1687ರ ‘ಪ್ರಿನ್ಸಿಪಿಯಾ’ದಲ್ಲಿ ಅವರು ಗಾಳಿಯ ಒತ್ತಡ ಮತ್ತು ಸಾಂದ್ರತೆಯಿಂದಲೇ ಶಬ್ದದ ವೇಗವನ್ನು ಲೆಕ್ಕ ಹಾಕಿದರು. ದಾರಿ ಸರಿಯಾಗಿತ್ತು, ಉತ್ತರ ಮಾತ್ರ ಅಳತೆಗಿಂತ ಆರರಲ್ಲಿ ಒಂದು ಪಾಲಿನಷ್ಟು ಕಡಿಮೆ ಬಂತು. ಲೆಕ್ಕವನ್ನು ಸರಿಪಡಿಸಿದವರು ಲಾಪ್ಲಾಸ್, 1816ರಲ್ಲಿ. ಸೈಕಲ್ ಪಂಪು ಹೊಡೆಯುವಾಗ ಅದರ ಬುಡ ಬಿಸಿಯಾಗುತ್ತದಲ್ಲ, ಗಾಳಿ ಥಟ್ಟನೆ ಒತ್ತುಗೊಂಡಾಗ ಬಿಸಿಯಾಗುತ್ತದೆ. ಶಬ್ದದ ಅಲೆಯಲ್ಲೂ ಅಷ್ಟೇ. ಒತ್ತುಗೊಂಡ ಗಾಳಿಗೆ ಆ ಬಿಸಿಯನ್ನು ಬಿಟ್ಟುಕೊಡಲು ಹೊತ್ತು ಸಿಗುವುದಿಲ್ಲ, ಹಾಗಾಗಿ ಅದು ನ್ಯೂಟನ್ ಎಣಿಸಿದ್ದಕ್ಕಿಂತ ಗಡುಸಾಗಿ ವರ್ತಿಸುತ್ತದೆ. ಇಪ್ಪತ್ತು ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದ ಸೆಕೆಂಡಿಗೆ 343 ಮೀಟರ್ ಹೋಗುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಮೂರು ಎಣಿಸಿದರೆ ಸಿಡಿಲು ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ ಎಂದು ಅಜ್ಜಂದಿರಿಗೂ ಹೇಳಿಕೊಡಬಹುದು, ಮೊಮ್ಮಕ್ಕಳಿಗೂ ಹೇಳಿಕೊಡಬಹುದು.

ಇನ್ನು ತಂತಿ. ಫ್ರಾನ್ಸಿನ ಪಾದ್ರಿ ಮರ್ಸೆನ್ 1636ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತಂತಿಯ ನಿಯಮಗಳು ಮೊದಲ ಬಾರಿಗೆ ಸ್ಪಷ್ಟವಾಗಿ ಬಂದವು. ಸೆಕೆಂಡಿಗೆ ನೂರಾರು ಸಲ ನಡುಗುವ ತಂತಿಯನ್ನು ಎಣಿಸುವುದು ಯಾರಿಂದಲೂ ಆಗದು. ಅವರು ಬಹಳ ಉದ್ದದ ತಂತಿಗಳನ್ನು ಕಟ್ಟಿ, ಕಣ್ಣಿಗೆ ಕಾಣುವಷ್ಟು ನಿಧಾನವಾಗಿ ಆಡುವಂತೆ ಮಾಡಿ, ಎಣಿಸಿ, ಅಲ್ಲಿಂದ ಗಿಡ್ಡ ತಂತಿಯ ಲೆಕ್ಕ ಹಿಡಿದರು. ಉದ್ದ ಅರ್ಧವಾದರೆ ಕಂಪನ ಎರಡರಷ್ಟು, ಅಂದರೆ ಷಡ್ಜದಿಂದ ಮೇಲಿನ ಷಡ್ಜ. ಅದನ್ನೇ ಬಿರಡೆ ತಿರುಗಿಸಿ ಸಾಧಿಸಬೇಕೆಂದರೆ ಬಿಗಿತ ಎರಡರಷ್ಟಾದರೆ ಸಾಲದು, ನಾಲ್ಕರಷ್ಟಾಗಬೇಕು. ವೀಣೆ ಕಲಿಯುವ ಮಕ್ಕಳು ಅವಸರದಲ್ಲಿ ತಂತಿ ಹರಿಯುವುದು ಈ ವರ್ಗದ ನಿಯಮದಿಂದಲೇ.

ಕರ್ನಾಟಕ ಸಂಗೀತದವರು ಒಂದು ಮನೆ ಶ್ರುತಿ ಎನ್ನುತ್ತಾರಲ್ಲ, ಆ ಶ್ರುತಿಗೆ ಕೂಡಿಸಿದ ತಂಬೂರಿಯ ಮಂದ್ರದ ತಂತಿ ಸೆಕೆಂಡಿಗೆ ಸುಮಾರು 65 ಸಲ ಕಂಪಿಸುತ್ತದೆ. ಆದರೆ ಅದು 65 ಸಲ ಮಾತ್ರ ಕಂಪಿಸುವುದಿಲ್ಲ. ಎರಡೂ ತುದಿ ಕಟ್ಟಿದ ತಂತಿಗೆ ಇಡಿಯಾಗಿ ತೂಗುವ ಸ್ವಾತಂತ್ರ್ಯ ಇರುವಂತೆ ಎರಡು ಭಾಗವಾಗಿ, ಮೂರು ಭಾಗವಾಗಿ, ನಾಲ್ಕು, ಐದು ಭಾಗವಾಗಿ ತೂಗುವ ಸ್ವಾತಂತ್ರ್ಯವೂ ಇದೆ. ಭಾಗಗಳ ನಡುವಿನ ಬಿಂದುಗಳು ಅಲುಗದೆ ನಿಂತಿರುತ್ತವೆ. ಅವು ನಿಸ್ಪಂದ ಬಿಂದುಗಳು. ಎರಡೂವರೆ ಭಾಗವಾಗಿ ತೂಗಲು ತಂತಿಗೆ ಸಾಧ್ಯವಿಲ್ಲ, ತುದಿಗಳು ಬಿಡುವುದಿಲ್ಲ. ಆದ್ದರಿಂದ 65ರ ಜೊತೆಗೆ 130, 195, 260, 325, 390 ಹೀಗೆ ಪೂರ್ಣಾಂಕದ ಗುಣಕಗಳೇ ಬರುತ್ತವೆ. ಇವೆಲ್ಲ ಒಂದೇ ತಂತಿಯಲ್ಲಿ, ಒಂದೇ ಹೊತ್ತಿನಲ್ಲಿ. ಮೂಲಸ್ವರದ ಮೇಲೆ ಕೂರುವ ಇವನ್ನು ಉಪಸ್ವರಗಳೆನ್ನೋಣ. ಎರಡನೆಯದು ಷಡ್ಜ, ಮೂರನೆಯದು ಪಂಚಮ, ನಾಲ್ಕನೆಯದು ಮತ್ತೆ ಷಡ್ಜ, ಐದನೆಯದು ಅಂತರ ಗಾಂಧಾರ.

ಐದನೆಯದರ ಮೇಲೆ ಸ್ವಲ್ಪ ನಿಲ್ಲೋಣ. ತಂಬೂರಿಯಲ್ಲಿ ಗಾಂಧಾರದ ತಂತಿಯೇ ಇಲ್ಲ. ಪಂಚಮ, ಸಾರಣೆ, ಅನುಸಾರಣೆ, ಮಂದ್ರ, ಇವು ನಾಲ್ಕೇ. ಆದರೂ ಶ್ರುತಿ ಚೆನ್ನಾಗಿ ಕೂಡಿದ ದಿನ ಮಂದ್ರದ ತಂತಿಯಿಂದ ಗಾಂಧಾರ ತಾನಾಗಿ ಎದ್ದುಬರುತ್ತದೆ. ನಮ್ಮ ಸಂಗೀತಗಾರರು ಅದನ್ನು ಸ್ವಯಂಭೂ ಗಾಂಧಾರ ಎಂದು ಕರೆದರು. ಎಂಥ ಒಳ್ಳೆಯ ಹೆಸರು! ಯಾರೂ ಮೀಟದೆ ಹುಟ್ಟಿದ್ದು. 325ನ್ನು 65ರಿಂದ ಭಾಗಿಸಿದರೆ ಐದು. ಕೆಳಗಿನ ಎರಡು ಸ್ಥಾಯಿಗಳನ್ನು ಕಳೆದರೆ ಐದಕ್ಕೆ ನಾಲ್ಕು, ಅಂದರೆ ಅಂತರ ಗಾಂಧಾರ. ಶ್ರುತಿ ಕೂಡದಿದ್ದ ದಿನ ಅದರ ಬದಲು ಬೇರೊಂದು ಕೇಳುತ್ತದೆ. ಸಾರಣೆ 130 ಸಲ, ಅನುಸಾರಣೆ 131 ಸಲ ಕಂಪಿಸುತ್ತಿದ್ದರೆ ಎರಡರ ಅಲೆಗಳು ಸೆಕೆಂಡಿಗೊಮ್ಮೆ ಒಂದನ್ನೊಂದು ಎತ್ತಿ ಹಿಡಿದು, ಸೆಕೆಂಡಿಗೊಮ್ಮೆ ಅಳಿಸಿಹಾಕುತ್ತವೆ. ದನಿ ಉಬ್ಬಿ ತಗ್ಗಿ ತೂಗಾಡುತ್ತದೆ. ಇದೇ ವಿಸ್ಪಂದ. ತಂಬೂರಿಯವರು ತಂತಿಯ ಬುಡದ ಮಣಿಯನ್ನು ಕೂದಲೆಳೆಯಷ್ಟು ಸರಿಸುತ್ತಾ ಕಾಯುವುದು ಈ ತೂಗಾಟ ನಿಧಾನವಾಗಿ, ನಿಧಾನವಾಗಿ, ನಿಂತುಹೋಗುವ ಕ್ಷಣಕ್ಕೆ. ವ್ಯತ್ಯಾಸವನ್ನು ಹುಡುಕಿ ಶೂನ್ಯಕ್ಕೆ ತರುವ ಇಂಥ ಅಳತೆಗಿಂತ ನಿಖರವಾದದ್ದು ಪ್ರಯೋಗಶಾಲೆಯಲ್ಲೂ ವಿರಳ.

ಇಷ್ಟರವರೆಗೆ ಹೇಳಿದ್ದು ಯಾವ ತಂತಿಗಾದರೂ ಸಲ್ಲುತ್ತದೆ. ತಂಬೂರಿಯ ತಂತಿಗೆ ಮಾತ್ರ ಸಲ್ಲುವ ಇನ್ನೊಂದು ಮಾತಿದೆ, ಅದು ಒಂದು ದಾರದ ಎಳೆಯಲ್ಲಿದೆ.

ಹತ್ತಿರ ಬಂದು ತಂತಿಗಳನ್ನು ಹೊತ್ತಿರುವ ಕುದುರೆಯನ್ನು ನೋಡಿ. ಪಿಟೀಲಿನ ಕುದುರೆಯ ಅಂಚು ಚೂಪು. ತಂತಿ ಅದನ್ನು ಒಂದೇ ಬಿಂದುವಿನಲ್ಲಿ ಮುಟ್ಟುತ್ತದೆ. ತಂಬೂರಿಯದು ಹಾಗಲ್ಲ. ಅದು ಅಗಲ, ಮೇಲ್ಮೈ ಬಹಳ ನವುರಾಗಿ ಬಾಗಿದೆ. ತಂತಿ ಅದರ ಮೇಲೆ ಒರಗಿಕೊಂಡು ಸಾಗಿ, ನಿಧಾನವಾಗಿ ಅದನ್ನು ಬಿಟ್ಟು ಮೇಲೇಳುತ್ತದೆ. ತಂತಿಗೂ ಕುದುರೆಗೂ ನಡುವೆ ಒಂದು ಹತ್ತಿಯ ದಾರವೋ ರೇಷ್ಮೆಯ ದಾರವೋ ತೂರಿಸಿರುತ್ತಾರೆ. ಅದನ್ನು ಹಿಂದೆ ಮುಂದೆ ಸರಿಸುತ್ತಾ ಹೋದರೆ ಒಂದು ಜಾಗದಲ್ಲಿ ಮಂಕಾಗಿದ್ದ ತಂತಿ ಇದ್ದಕ್ಕಿದ್ದಂತೆ ಜೇನುಹುಳದಂತೆ ಝೇಂಕರಿಸತೊಡಗುತ್ತದೆ. ‘ಜೀವ ಬಂತು’ ಎನ್ನುತ್ತಾರೆ. ದಾರಕ್ಕೂ ಜೀವವೆಂದೇ ಹೆಸರು.

ಈ ಜೀವ ಏನೆಂದು ಭೌತಶಾಸ್ತ್ರದ ಕಣ್ಣಿಂದ ಮೊದಲು ವಿಚಾರಿಸಿದವರು ಚಂದ್ರಶೇಖರ ವೆಂಕಟ ರಾಮನ್. ಅವರೆಂದರೆ ನಮಗೆ ಬೆಳಕಿನ ಚದರಿಕೆ, 1928ರ ಫೆಬ್ರವರಿ 28, 1930ರ ನೊಬೆಲ್ ನೆನಪಾಗುತ್ತದೆ. ಆದರೆ ಬೆಳಕಿನ ಕಡೆಗೆ ತಿರುಗುವ ಮೊದಲು ಬಹಳ ವರ್ಷ ಅವರ ಮನಸ್ಸು ಬಹುಪಾಲು ಕಂಪನ ಮತ್ತು ನಾದದಲ್ಲೇ ನೆಟ್ಟಿತ್ತು. ತಂದೆ ಪಿಟೀಲು ನುಡಿಸುತ್ತಿದ್ದರು, ಹೆಂಡತಿ ಲೋಕಸುಂದರಿ ವೀಣೆ ಬಲ್ಲವರು. 1907ರಲ್ಲಿ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದ ರಾಮನ್ ಬೆಳಿಗ್ಗೆ ಕಚೇರಿಗೆ ಮುಂಚೆ, ಸಂಜೆ ಕಚೇರಿ ಮುಗಿದ ಮೇಲೆ ಬೌಬಜಾರ್ ರಸ್ತೆಯ ವಿಜ್ಞಾನ ಸಂಸ್ಥೆಗೆ ಹೋಗಿ ಪ್ರಯೋಗ ಮಾಡುತ್ತಿದ್ದರು. ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ ಸಂಸ್ಥೆ ಅದು. ಪಿಟೀಲಿನ ಕಮಾನನ್ನು ಒಂದೇ ಒತ್ತಡದಲ್ಲಿ, ಒಂದೇ ವೇಗದಲ್ಲಿ ಎಳೆಯುವ ಯಂತ್ರವನ್ನು ಅವರೇ ಮಾಡಿಕೊಂಡಿದ್ದರು.

ತಂಬೂರಿ ಮತ್ತು ವೀಣೆಯ ಮೇಲೆ ರಾಮನ್ 1921ರಲ್ಲಿ ಒಂದು ಪುಟ್ಟ ಪ್ರಬಂಧ ಬರೆದರು. ಅದರ ಸೊಗಸು ತಿಳಿಯಬೇಕಾದರೆ ಒಂದು ಹಳೆಯ ನಿಯಮ ಗೊತ್ತಿರಬೇಕು. ಥಾಮಸ್ ಯಂಗ್ ಗಮನಿಸಿ, ಹೆಲ್ಮ್‌ಹೋಲ್ಟ್ಸ್ ಗಟ್ಟಿ ಮಾಡಿದ ನಿಯಮ ಅದು: ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೀರೋ ಆ ಬಿಂದು ಯಾವ ಉಪಸ್ವರಕ್ಕೆ ನಿಸ್ಪಂದವೋ ಆ ಉಪಸ್ವರ ಹುಟ್ಟುವುದಿಲ್ಲ. ಸಹಜವೇ, ಅಲುಗಬಾರದ ಜಾಗವನ್ನೇ ಎಳೆದು ಬಿಟ್ಟರೆ ಆ ಬಗೆಯ ಕಂಪನ ಹೇಗೆ ಬಂದೀತು? ತಂತಿಯ ನಟ್ಟನಡುವೆ ಮೀಟಿದರೆ ಎರಡನೆಯದು, ನಾಲ್ಕನೆಯದು, ಆರನೆಯದು ಇರಬಾರದು. ರಾಮನ್ ನಮ್ಮ ವಾದ್ಯದ ತಂತಿಯನ್ನು ಇಂಥ ಒಂದು ಬಿಂದುವಿನಲ್ಲಿ ಮೀಟಿದರು, ಕೂಡಲೇ ಅದೇ ಬಿಂದುವನ್ನು ಬೆರಳಿಂದ ಮುಟ್ಟಿದರು. ನಿಯಮದ ಪ್ರಕಾರ ತಂತಿ ಮೂಕವಾಗಬೇಕು. ಏಕೆಂದರೆ ಆ ಬಿಂದುವಿನಲ್ಲಿ ಅಲುಗುವ ಕಂಪನಗಳನ್ನೆಲ್ಲ ಬೆರಳು ನಿಲ್ಲಿಸಿತು, ಅಲುಗದ ಕಂಪನಗಳು ಹುಟ್ಟಿಯೇ ಇಲ್ಲ. ಆದರೆ ಇರಬಾರದ ಆ ಉಪಸ್ವರವೇ ಗಟ್ಟಿಯಾಗಿ, ಸ್ಪಷ್ಟವಾಗಿ ಹಾಡುತ್ತಾ ನಿಂತಿತು! ಆಮೇಲೆ ಅವರು ತಂತಿಗೂ ಕುದುರೆಗೂ ನಡುವೆ ಒಂದು ಲೋಹದ ಚೂರು ಸಿಕ್ಕಿಸಿ, ತಂತಿ ಕುದುರೆಯ ಬಾಗನ್ನು ಸವರದಂತೆ ಮಾಡಿ ಮತ್ತೆ ಮೀಟಿದರು. ಈ ಸಲ ಬೆರಳು ಮುಟ್ಟಿದೊಡನೆ ತಂತಿ ಸುಮ್ಮನಾಯಿತು. ಒಂದು ಬೆರಳು, ಒಂದು ಲೋಹದ ಚೂರು. ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ಇದಕ್ಕಿಂತ ಸ್ವಚ್ಛವಾದ ಪ್ರಯೋಗ ಇರಲಾರದು ಎಂದು ನಾನು ನಂಬಿದ್ದೇನೆ.

ನಡೆಯುವುದೇನೆಂದರೆ, ತಂತಿ ಕೆಳಗೆ ಬರುವ ಪ್ರತಿ ಸಲವೂ ಕುದುರೆಯ ಬಾಗಿಗೆ ಸವರಿ ಮುಟ್ಟಿ ಬಿಡುತ್ತದೆ. ಅಂದರೆ ಕಂಪಿಸುವ ತಂತಿಯ ಉದ್ದ ಕ್ಷಣಕ್ಷಣಕ್ಕೂ ಚೂರು ಬದಲಾಗುತ್ತಿರುತ್ತದೆ. ಪ್ರತಿ ಸವರಿಕೆಯೂ ತಂತಿಗೆ ಒಂದು ಪುಟ್ಟ ಏಟಿದ್ದಂತೆ. ಆ ಏಟು ಕೆಳಗಿನ ಸ್ವರದಲ್ಲಿದ್ದ ಶಕ್ತಿಯನ್ನು ಸ್ವಲ್ಪಸ್ವಲ್ಪವೇ ಮೇಲಿನ ಉಪಸ್ವರಗಳಿಗೆ ಹಂಚುತ್ತದೆ. ಸಾಮಾನ್ಯ ತಂತಿಯಲ್ಲಿ ಮೇಲಿನ ಸ್ವರಗಳು ಮೊದಲು ಸಾಯುತ್ತವೆ. ತಂಬೂರಿಯಲ್ಲಿ ಮೀಟಿದ ಬೆರಳು ದೂರ ಹೋದ ಮೇಲೂ ಅವು ಹುಟ್ಟುತ್ತಲೇ ಇರುತ್ತವೆ. ತಂಬೂರಿಯ ದನಿ ಮೀಟಿದ ಮೇಲೆ ಅರಳುತ್ತದಲ್ಲ, ಕಾರಣ ಇದು.

ಈಗ ಮೃದಂಗಕ್ಕೆ ಬರುತ್ತೇನೆ. ನನ್ನ ಪ್ರಶ್ನೆ ಇರುವುದೇ ಅಲ್ಲಿ.

ತಂತಿಗೆ ಉದ್ದ ಮಾತ್ರ ಇದೆ. ಚರ್ಮಕ್ಕೆ ಉದ್ದ ಅಗಲ ಎರಡೂ ಇವೆ, ಆದ್ದರಿಂದ ಅದರ ಕಂಪನದ ಬಗೆಗಳೂ ಎರಡು ತೆರ. ಇಡೀ ಚರ್ಮ ಒಟ್ಟಾಗಿ ಉಬ್ಬಿ ತಗ್ಗಬಹುದು. ಒಂದು ವ್ಯಾಸದ ಗೆರೆ ಅಲುಗದೆ ನಿಂತು ಅದರ ಎಡ ಬಲಗಳು ಏತದಂತೆ ಏರಿಳಿಯಬಹುದು. ಎರಡು ವ್ಯಾಸ, ಮೂರು ವ್ಯಾಸ ನಿಲ್ಲಬಹುದು. ಇಲ್ಲವೇ ನಡುವೆ ಒಂದು ವೃತ್ತ ನಿಂತು, ಒಳಗಿನದು ಮೇಲೆ ಹೋದಾಗ ಹೊರಗಿನದು ಕೆಳಗೆ ಬರಬಹುದು. ಅಲುಗದ ಈ ಗೆರೆಗಳನ್ನು ಕಣ್ಣಿಗೆ ಕಾಣಿಸಿದವರು ಜರ್ಮನಿಯ ಕ್ಲಾಡ್ನಿ. 1787ರ ಪುಸ್ತಕದಲ್ಲಿ ಅವರು ಲೋಹ ಮತ್ತು ಗಾಜಿನ ಹಲಗೆಗಳ ಮೇಲೆ ಮರಳು ಉದುರಿಸಿ, ಅಂಚಿಗೆ ಪಿಟೀಲಿನ ಕಮಾನು ಎಳೆದು ತೆಗೆದ ಚಿತ್ರಗಳಿವೆ. ಅಲುಗುವ ಕಡೆಯಿಂದ ಮರಳು ಸಿಡಿದು ಹೋಗಿ ಅಲುಗದ ಗೆರೆಗಳಲ್ಲಿ ಬಂದು ಕೂರುತ್ತದೆ; ಹಲಗೆಯ ಮೇಲೆ ರಂಗೋಲಿ ಮೂಡುತ್ತದೆ.

ಎಲ್ಲೆಡೆ ಒಂದೇ ದಪ್ಪ ಇರುವ, ಒಂದೇ ಬಿಗಿತದ ದುಂಡು ಚರ್ಮದ ಲೆಕ್ಕ ಹಾಕಿದರೆ ಅದರ ಸ್ವರಗಳ ಪ್ರಮಾಣ 1, 1.59, 2.14, 2.30, 2.65, 2.92 ಹೀಗೆ ಬರುತ್ತದೆ. ಇದರಲ್ಲಿ ಪಂಚಮವಿಲ್ಲ, ಮೇಲಿನ ಷಡ್ಜವಿಲ್ಲ, ಯಾವುದಕ್ಕೂ ಯಾವುದೂ ಕೂಡುವುದಿಲ್ಲ. ಕಿವಿಗೆ ಸದ್ದು ಸಿಗುತ್ತದೆ, ಸ್ವರ ಸಿಗುವುದಿಲ್ಲ. ನಮ್ಮ ತಮಟೆ, ಡೊಳ್ಳು, ನಗಾರಿಗಳು ಈ ಬಗೆಯವು. ಅದು ಅವುಗಳ ಕೊರತೆ ಎಂದು ನಾನು ಒಪ್ಪುವುದಿಲ್ಲ. ಊರ ಜಾತ್ರೆಯಲ್ಲಿ ಮೈಲಿ ದೂರಕ್ಕೆ ಹೆಜ್ಜೆಯನ್ನು ಮುಟ್ಟಿಸಬೇಕಾದ ವಾದ್ಯಕ್ಕೆ ಬೇಕಾದದ್ದು ಸಿಡಿಲಿನಂಥ ತಾಳ, ಅದು ಅವುಗಳಲ್ಲಿದೆ. ತಮಟೆಯವರು ಹುಲ್ಲಿನ ಬೆಂಕಿಗೆ ತಮಟೆ ಕಾಯಿಸುವುದೂ ಭೌತಶಾಸ್ತ್ರವೇ: ಚರ್ಮದ ತೇವ ಆರಿ, ಬಿಗಿತ ಏರಿ, ದನಿ ಮೇಲಕ್ಕೆ ಹೋಗುತ್ತದೆ.

ಮೃದಂಗಕ್ಕೆ ಬೇಕಾದದ್ದು ಬೇರೆ. ಅದು ಹಾಡಿನ ಪಕ್ಕದಲ್ಲಿ ಕೂರಬೇಕು. 1920ರಲ್ಲಿ ರಾಮನ್ ಮತ್ತು ಶಿವಕಾಳಿ ಕುಮಾರ್ ‘ನೇಚರ್’ ಪತ್ರಿಕೆಯಲ್ಲಿ ಬರೆದ ಚಿಕ್ಕ ಟಿಪ್ಪಣಿ, ಭಾರತದ ಈ ಚರ್ಮವಾದ್ಯಗಳ ಉಪಸ್ವರಗಳು ತಂತಿಯ ಉಪಸ್ವರಗಳಂತೆ 1, 2, 3, 4, 5ರ ಪ್ರಮಾಣದಲ್ಲಿವೆ ಎಂದು ಜಗತ್ತಿಗೆ ತಿಳಿಸಿತು. ರಾಮನ್ ಇದನ್ನು ಮರೆಯಲಿಲ್ಲ. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು, ಮರುವರ್ಷ ಇಲ್ಲಿ ವಿಜ್ಞಾನ ಅಕಾಡೆಮಿ ಕಟ್ಟಿದರು. ಆ ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲೇ ಭಾರತದ ಚರ್ಮವಾದ್ಯಗಳ ಮೇಲೆ ಅವರ ವಿಸ್ತಾರವಾದ ಪ್ರಬಂಧವಿದೆ. ನೊಬೆಲ್ ಬಂದು ನಾಲ್ಕು ವರ್ಷವಾದ ಮೇಲೆ, ಹೊಸ ಊರಿನಲ್ಲಿ, ಮೃದಂಗದ ಮೇಲೆ ಸಣ್ಣ ಮರಳು ಉದುರಿಸಿ ಗೆರೆಗಳನ್ನು ನೋಡುತ್ತಿದ್ದ ರಾಮನ್ ನನಗೆ ಬಹಳ ಹತ್ತಿರದವರು.

ಅವರಿಗೆ ಕಂಡದ್ದು ಇದು. ಮೃದಂಗದ ಬಲಗಡೆಯಲ್ಲಿ ಒಂಬತ್ತು ಬಗೆಯ ಕಂಪನಗಳಿವೆ, ಆದರೆ ಅವು ಒಂಬತ್ತು ಸ್ವರ ಕೊಡುವುದಿಲ್ಲ, ಐದೇ ಸ್ವರಕ್ಕೆ ಸೇರುತ್ತವೆ. ಇಡಿಯಾಗಿ ಉಬ್ಬುವುದು ಒಂದನೆಯ ಸ್ವರ. ಒಂದು ವ್ಯಾಸದ್ದು ಎರಡನೆಯದು. ಎರಡು ವ್ಯಾಸದ್ದೂ ಒಂದು ವೃತ್ತದ್ದೂ, ಸಾದಾ ಚರ್ಮದಲ್ಲಿ ಬೇರೆಬೇರೆಯಾಗಿದ್ದವು, ಇಲ್ಲಿ ಒಂದಾಗಿ ಮೂರನೆಯದಾಗುತ್ತವೆ. ನಾಲ್ಕನೆಯದರಲ್ಲಿ ಎರಡು ಬಗೆ, ಐದನೆಯದರಲ್ಲಿ ಮೂರು ಬಗೆ ಕೂಡುತ್ತವೆ. ಈ ಕೂಡಿಕೆ ಆದದ್ದು ಹೇಗೆ? ಚರ್ಮದ ನಡುವಿನ ಆ ಕಪ್ಪು ಕರಣೆಯಿಂದ.

ಸೀರೆಯ ಮಾತು ನೆನಪಿದೆಯೇ, ಭಾರ ಅಲೆಯನ್ನು ತಡೆಯುತ್ತದೆ ಎಂದದ್ದು? ಕರಣೆ ನಡುವಿಗೆ ಭಾರ ಹೇರುತ್ತದೆ. ಯಾವ ಬಗೆಯ ಕಂಪನ ನಡುವನ್ನು ಹೆಚ್ಚು ಅಲುಗಿಸುತ್ತದೋ ಅದರ ಸ್ವರ ಹೆಚ್ಚು ಇಳಿಯುತ್ತದೆ. ಅಂಚಿನಲ್ಲೇ ಆಡುವ ಕಂಪನಕ್ಕೆ ಕರಣೆಯ ಭಾರ ತಟ್ಟುವುದೇ ಇಲ್ಲ. ಒಂದು ಒರಟು ಲೆಕ್ಕ ಹಾಕೋಣ. ನಾಲ್ಕು ವ್ಯಾಸದ ಕಂಪನ ಬಹುಪಾಲು ಅಂಚಿನದು. ಸಾದಾ ಚರ್ಮದಲ್ಲಿ ಅದು 3.16. ಅದು ಇಳಿಯಲೇ ಇಲ್ಲ ಎಂದಿಟ್ಟುಕೊಂಡು ಅದನ್ನೇ ಐದನೆಯ ಸ್ವರವೆಂದರೆ, ಒಂದನೆಯದು 0.63ರಲ್ಲಿ ಇರಬೇಕು. ಅಂದರೆ ಇಡಿಯಾಗಿ ಉಬ್ಬುವ ಕಂಪನ 1ರಿಂದ 0.63ಕ್ಕೆ ಇಳಿಯಬೇಕು. ಎರಡನೆಯದು 1.59ರಿಂದ 1.26ಕ್ಕೆ, ಎರಡು ವ್ಯಾಸದ್ದು 2.14ರಿಂದ 1.9ಕ್ಕೆ. ನೋಡಿ, ಮೊದಲನೆಯದು ನೂರಕ್ಕೆ 37ರಷ್ಟು ಇಳಿಯಿತು, ಮುಂದಿನದು 21ರಷ್ಟು, ಅದರ ಮುಂದಿನದು 11ರಷ್ಟು. ನಡುವಿನಿಂದ ಅಂಚಿಗೆ ಸರಿದಂತೆ ಇಳಿತ ಕಡಿಮೆಯಾಗುತ್ತಾ ಬರುತ್ತದೆ. ನಡುವೆ ದಪ್ಪವಾಗಿ ಸುತ್ತ ತೆಳುವಾಗುತ್ತಾ ಹೋಗುವ ತೂಕವೊಂದು ಮಾಡಬೇಕಾದದ್ದೂ ಇದನ್ನೇ. ನಿಜವಾದ ವಾದ್ಯದಲ್ಲಿ ಈ ಅಂಕಿಗಳು ಗೆರೆ ಎಳೆದಷ್ಟು ಖಚಿತವಾಗಿ ಕೂರುವುದಿಲ್ಲ, ಹತ್ತಿರ ಹತ್ತಿರ ಕೂರುತ್ತವೆ. ಒಳ್ಳೆಯ ವಾದ್ಯದಲ್ಲಿ ಇನ್ನೂ ಹತ್ತಿರ. ಸುತ್ತಲೂ ಅಂಚಿನ ಮೇಲೆ ಕೂರಿಸಿದ ಇನ್ನೊಂದು ಚರ್ಮದ ಬಳೆ ಐದನೆಯದಕ್ಕಿಂತ ಮೇಲಿನ, ಲೆಕ್ಕಕ್ಕೆ ಸಿಗದ ಸ್ವರಗಳನ್ನು ಅಡಗಿಸುತ್ತದೆ.

ಮೃದಂಗದವರ ಬೆರಳನ್ನು ಈಗ ಮತ್ತೊಮ್ಮೆ ನೋಡಿ. ‘ನಂ’ ನುಡಿಸುವಾಗ ಉಂಗುರ ಬೆರಳು ಕರಣೆಯ ಅಂಚನ್ನು ಹಗುರವಾಗಿ ಮುಟ್ಟಿರುತ್ತದೆ, ತೋರುಬೆರಳು ಚರ್ಮದ ಅಂಚಿಗೆ ಬೀಳುತ್ತದೆ. ಮುಟ್ಟಿದ ಬೆರಳು ಇಡಿಯಾಗಿ ಉಬ್ಬುವ ಕಂಪನವನ್ನು ಕೊಲ್ಲುತ್ತದೆ, ಅದರ ಕೆಳಗೆ ಹಾದುಹೋಗುವ ವ್ಯಾಸ ಅಲುಗದ ಗೆರೆಯಾಗುತ್ತದೆ. ಉಳಿದು ಹಾಡುವುದು ಎರಡನೆಯ ಸ್ವರ, ಅದೇ ತಂಬೂರಿಯ ಷಡ್ಜದಲ್ಲಿ ಕರಗುವುದು. ಕ್ಲಾಡ್ನಿ ಕೂಡ ತಮ್ಮ ಹಲಗೆಯನ್ನು ಎಲ್ಲಿ ಬೆರಳಿಂದ ಮುಟ್ಟಿ ಹಿಡಿಯಬೇಕೆಂದು ಹೀಗೆಯೇ ಆರಿಸಿಕೊಳ್ಳುತ್ತಿದ್ದರು.

ಮೃದಂಗ ಮಾಡುವವರೊಬ್ಬರ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಕೂತಿದ್ದೆ. ಹಲಸಿನ ಮರದ ಹೊಳವು ಗೋಡೆಗೆ ಒರಗಿತ್ತು. ಕಿಟ್ಟದ ಕಲ್ಲಿನ ಪುಡಿಯನ್ನು ಅನ್ನದ ಜೊತೆ ಅರೆದು ಮಾಡಿದ ಕಪ್ಪು ಅಂಟು ಬಟ್ಟಲಲ್ಲಿತ್ತು. ಅವರು ಬೆರಳ ತುದಿಯಷ್ಟು ತೆಗೆದು ಚರ್ಮದ ನಡುವೆ ಸವರಿದರು, ಆಮೇಲೆ ನುಣುಪಾದ ಒಂದು ಕಲ್ಲು ತೆಗೆದುಕೊಂಡು ಅದು ಒಣಗುವವರೆಗೆ ಉಜ್ಜಿದರು, ಉಜ್ಜಿದರು, ಉಜ್ಜುತ್ತಲೇ ಇದ್ದರು. ಮತ್ತೆ ಒಂದು ಪದರ, ಹಿಂದಿನದಕ್ಕಿಂತ ಸ್ವಲ್ಪ ಚಿಕ್ಕದು. ಮತ್ತೆ ಉಜ್ಜುವುದು. ಒಂದೇ ಸಲ ದಪ್ಪ ಹಚ್ಚಬಾರದೇ ಎಂದು ಕೇಳಿದೆ. “ಹಂಗೆ ಹಚ್ಚಿದ್ರೆ ಅದು ಕಲ್ಲಾಗ್ತದೆ ಸಾರ್, ಕರಣೆ ಆಗಲ್ಲ” ಎಂದರು. ಹತ್ತಿರ ಹಿಡಿದು ತೋರಿಸಿದರು. ಕರಣೆಯ ಮೈತುಂಬ ಕೂದಲಿಗಿಂತ ತೆಳುವಾದ ಬಿರುಕುಗಳ ಜಾಲವಿತ್ತು. ಉಜ್ಜುವಿಕೆ ಆ ಬಿರುಕುಗಳನ್ನು ತರುತ್ತದೆ. ಅವುಗಳಿಂದ ಕರಣೆ ಸಾವಿರ ಚೂರುಗಳಾಗಿ ಚರ್ಮಕ್ಕೆ ಅಂಟಿಕೊಂಡಿರುತ್ತದೆ, ಚರ್ಮ ಬಾಗಿದ ಹಾಗೆ ಬಾಗುತ್ತದೆ. ಚರ್ಮಕ್ಕೆ ಭಾರ ಬಂತು, ಬಿರುಸು ಬರಲಿಲ್ಲ. ಒಂದು ಗಟ್ಟಿ ಬಿಲ್ಲೆಯನ್ನು ಅಂಟಿಸಿದ್ದರೆ ಎರಡೂ ಬರುತ್ತಿದ್ದವು, ಲೆಕ್ಕ ಕೆಡುತ್ತಿತ್ತು. ಇಷ್ಟು ಸಂಗತಿಯನ್ನು ನಾನು ಕರಿಹಲಗೆಯ ಮೇಲೆ ಬಿಡಿಸಿ ಹೇಳಬೇಕಾದರೆ ಒಂದು ತರಗತಿ ಬೇಕು. ಅವರು ಒಂದೇ ಮಾತಿನಲ್ಲಿ ಹೇಳಿದ್ದರು.

ಹಸು, ಆಡು, ಎಮ್ಮೆ, ಮೂರರ ಚರ್ಮವೂ ಈ ವಾದ್ಯಕ್ಕೆ ಬೇಕು. ಅದನ್ನು ಹದಮಾಡುವ, ಹೆಣೆಯುವ, ಕರಣೆ ಹಾಕುವ ಕೈಗಳ ಹೆಸರು ಕಛೇರಿಯ ಆಹ್ವಾನ ಪತ್ರಿಕೆಯಲ್ಲಿ ಎಂದೂ ಬರಲಿಲ್ಲ. ಗಾಯಕ ಟಿ.ಎಂ. ಕೃಷ್ಣ ಅವರ 2020ರ ಪುಸ್ತಕ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಈ ಕುಟುಂಬಗಳ ಬದುಕನ್ನು ಬರೆದಿಟ್ಟಿದೆ. ಅವರಲ್ಲಿ ಬಹಳ ಮಂದಿ ದಲಿತರು. ಭೌತಶಾಸ್ತ್ರದ ಮೇಷ್ಟ್ರಾಗಿ ನಾನು ಅದಕ್ಕೆ ಒಂದು ಮಾತು ಸೇರಿಸಬೇಕು. ಸದ್ದು ಮಾಡುವ ಚರ್ಮದಿಂದ ಸ್ವರ ಹೊರಡಿಸುವ ಸಮಸ್ಯೆಯನ್ನು ಬಿಡಿಸಿದವರು ಅವರ ಹಿರೀಕರು. ರಾಮನ್ ಆ ಉತ್ತರವನ್ನು ಓದಿದರು. ಉತ್ತರ ಅವರಿಗಿಂತ ನೂರಾರು ವರ್ಷ ಮೊದಲೇ ಅಲ್ಲಿತ್ತು.

ಅಂಗಡಿಯವರು ಒಂದೊಂದು ಪದರವಾದ ಮೇಲೂ ಅಂಚನ್ನು ತಟ್ಟಿ ಕಿವಿಗೊಡುತ್ತಿದ್ದರು. ಬಟ್ಟಲಲ್ಲಿ ಅಂಟು ಇನ್ನೂ ಇತ್ತು, ಆದರೆ ಒಂದು ಹೊತ್ತಿನಲ್ಲಿ ಅವರು ಕೈ ನಿಲ್ಲಿಸಿದರು. ಯಾಕೆ ಸಾಕು ಎಂದು ಕೇಳಲು ಹೋಗಲಿಲ್ಲ, ನನಗೂ ಕೇಳಿಸಿತ್ತು.

ವಿದ್ಯಾರ್ಥಿಗಳು ಈಗ ಮೇಲೆ ಬನ್ನಿ. ಇಬ್ಬರು ತಂಬೂರಿಯ ಹತ್ತಿರ ಹೋಗಿ, ದಾರವನ್ನು ಸರಿಸಿ, ಜೀವ ಎಲ್ಲಿ ಬರುತ್ತದೆಂದು ಹುಡುಕಿ. ಉಳಿದವರು ಮೃದಂಗದ ಬಲಗಡೆ ಅಂಚನ್ನು ಮೊದಲು ಬರಿದೇ ತಟ್ಟಿ, ಆಮೇಲೆ ಉಂಗುರ ಬೆರಳಿಟ್ಟು ತಟ್ಟಿ. ಎಡಗಡೆಗೆ ಹಚ್ಚಲು ರವೆ ಕಲಸಿಟ್ಟಿದ್ದೇನೆ. ಅದನ್ನು ನಿಂಬೆಹಣ್ಣಿನಷ್ಟು ತೆಗೆದುಕೊಂಡು ನಡುವೆ ಒತ್ತಿ, ದನಿ ಎಷ್ಟು ಕೆಳಗೆ ಇಳಿಯುತ್ತದೆ ಕೇಳಿ, ಅರ್ಧ ತೆಗೆದು ಇನ್ನೊಮ್ಮೆ ಕೇಳಿ.